ಬೆರಕೆ ಇಲ್ಲದ ಬೆಲ್ಲಿ ಡ್ಯಾನ್ಸ್

ಕೊಲ್ಕತ್ತಾದಲ್ಲಿ ಮೂವತ್ತು ವರ್ಷದ ಹತ್ತಿರ ಬೆಲ್ಲಿ ಡ್ಯಾನ್ಸ್ ಕಲಿಸಿದೆ ಎಂದರೆ ಜನ ಮೊದಲು ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ. ಎರಡೂ ಅವರಿಗೆ ಸಮಾಧಾನ ಕೊಡುವುದಿಲ್ಲ. ಧಾರವಾಡದ ಕಡೆಯ, ಹಣೆಗೆ ಕುಂಕುಮ ಇಟ್ಟ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ ಹೆಂಗಸು ಈ ವಿದ್ಯೆಗೆ ಗುರುವಾದದ್ದು ಹೇಗೆ ಎಂಬ ಪ್ರಶ್ನೆ ಅವರ ನಾಲಿಗೆಯ ತುದಿಗೆ ಬಂದು, ಸಭ್ಯತೆಗೆ ಹೆದರಿ ವಾಪಸು ಹೋಗುತ್ತದೆ. ಈಗ ಮೊಣಕಾಲು ಕೈಕೊಟ್ಟು ಕ್ಲಾಸು ಮುಚ್ಚಿದ್ದೇನೆ. ಬೆಂಗಳೂರಿನಲ್ಲಿ ಹೊಸದಾಗಿ ಕಲಿಸಲು ಹೊರಟಿರುವ ಕೆಲವು ಹುಡುಗಿಯರು ಅನುಭವ ಬರೆದುಕೊಡಿ ಎಂದು ಗಂಟುಬಿದ್ದಿದ್ದಾರೆ. ಅವರಿಗಾಗಿ ಇದು. ನನಗೆ ಹೊದಿಸಿದ ಶಾಲುಗಳ ವಿಷಯ ಇದರಲ್ಲಿಲ್ಲ. ಅವು ಬೀರುವಿನಲ್ಲಿ ಸುಖವಾಗಿವೆ.

ನಾವು ಈ ಊರಿಗೆ ಬಂದದ್ದು ಗಂಡನ ವರ್ಗಾವಣೆಯಿಂದ. ಕೇಂದ್ರ ಸರ್ಕಾರದ ನೌಕರಿ. ಮೂರು ವರ್ಷಕ್ಕೆಂದು ಬಂದವರು ಲೇಕ್ ಗಾರ್ಡನ್ಸ್‌ನಲ್ಲಿ ಬೇರು ಬಿಟ್ಟೆವು. ಎರಡನೇ ಹೆರಿಗೆಯ ನಂತರ ನನಗೆ ಸೊಂಟನೋವು ಅಂಟಿಕೊಂಡಿತ್ತು. ಮೇಲಿನ ಮಹಡಿಯಲ್ಲಿ ಹುದಾ ಮೇಡಂ ಎಂಬ ಈಜಿಪ್ಟಿನವರು ಇದ್ದರು. ಅವರ ಗಂಡ ಯಾವುದೋ ಕಾರ್ಖಾನೆಯಲ್ಲಿ ಯಂತ್ರ ಕೂಡಿಸಲು ಬಂದಿದ್ದ ಇಂಜಿನಿಯರು. ಬೇಸರ ಕಳೆಯಲು ಮೇಡಂ ಅಕ್ಕಪಕ್ಕದ ಹೆಂಗಸರಿಗೆ ತಮ್ಮ ದೇಶದ ನೃತ್ಯ ಹೇಳಿಕೊಡುತ್ತಿದ್ದರು. ಕಲೆಯ ಸೆಳೆತದಿಂದ ನಾನು ಆ ಮೆಟ್ಟಿಲು ಹತ್ತಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹತ್ತಿದ್ದು ಸೊಂಟನೋವಿಗೆ. ನೋವು ಹೋಯಿತು, ನಾನು ಅಲ್ಲೇ ಉಳಿದೆ.

ಬೆಲ್ಲಿ ಡ್ಯಾನ್ಸ್ ಎಂಬ ಒಂದೇ ನೃತ್ಯ ಇಲ್ಲ ಎಂಬುದು ಹುದಾ ಮೇಡಂ ಅವರ ಮೊದಲ ಪಾಠ. ಕೈರೋದ ಹೆಣ್ಣು ಕುಣಿದರೆ ಸೊಂಟ ಒಳಗೊಳಗೇ ಮಾತಾಡುತ್ತದೆ, ಕಾಲು ನೆಲ ಬಿಡುವುದಿಲ್ಲ. ಟರ್ಕಿಯವಳು ಒಂಬತ್ತು ಮಾತ್ರೆಯ ತಾಳಕ್ಕೆ ಜಿಗಿಯುತ್ತಾಳೆ. ಕೊಲ್ಲಿ ದೇಶಗಳವಳು ಅಗಲವಾದ ನಿಲುವಂಗಿ ತೊಟ್ಟು, ಬಿಚ್ಚುಗೂದಲನ್ನು ಬೀಸುತ್ತಾಳೆ. ದಕ್ಷಿಣ ಈಜಿಪ್ಟಿನ ಸಯೀದಿ ಸೀಮೆಯವಳು ಕೋಲು ಹಿಡಿದು ನೆಲ ಕುಟ್ಟುತ್ತಾಳೆ. ಒಂದರ ಹೆಜ್ಜೆ ಇನ್ನೊಂದಕ್ಕೆ ಬೆರೆಯಬಾರದು. ಈ ಮಾತು ನನಗೆ ಬಹಳ ಹಿಡಿಸಿತು. ಸಾರಿಗೆ ಹುಳಿಯ ಸೌಟು ಹಾಕಿದರೆ ಬೈಯುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು.

ಎರಡು ಚಳಿಗಾಲ ಕಲಿಸಿ ಹುದಾ ಮೇಡಂ ಹೊರಟುಹೋದರು. ಕೊನೆಯಲ್ಲಿ ಶುರುಮಾಡಿದ್ದ ಸಯೀದಿ ಅರ್ಧಕ್ಕೇ ನಿಂತಿತು. ಕೋಲು ಹಿಡಿಯುವ ಬಗೆ, ತಾಳ, ನಾಲ್ಕಾರು ಹೆಜ್ಜೆ ಅಷ್ಟೇ. "ಉಳಿದದ್ದನ್ನು ನಿನ್ನ ಮೈಯೇ ಹೇಳುತ್ತದೆ, ಕೇಳಿಸಿಕೋ" ಎಂದು ಹರಸಿ ಹೋದರು. ನನ್ನ ಮೈ ವಿಧೇಯ ಮೈ. ಕೇಳಿದ್ದಕ್ಕೆಲ್ಲ ಹೇಳಿತು.

ನಾನು ಕಲಿಸತೊಡಗಿದ ಹೊಸದರಲ್ಲಿ ಇಲ್ಲಿನ ಕನ್ನಡದವರಿಗೆ ಸುದ್ದಿ ಮುಟ್ಟಿತು. ನವೆಂಬರ್ ತಿಂಗಳ ಕಾರ್ಯಕ್ರಮದ ಉಸ್ತುವಾರಿ ಹೊತ್ತಿದ್ದ ರಾಯರು ಮನೆಗೆ ಬಂದರು. ಮೈಸೂರಿನವರು, ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಕಾಫಿ ಮುಗಿಯುವವರೆಗೆ ಸೆಕೆಯ ಬಗ್ಗೆಯೇ ಮಾತಾಡಿದರು.

"ಅಮ್ಮಾ, ನಿಮ್ಮ ಕಲೆ ಬಗ್ಗೆ ನಮಗೆ ತುಂಬಾ ಗೌರವ. ಒಂದು ಐಟಂ ಕೊಡಿ. ಆದ್ರೆ ಸೀರೆ ಉಟ್ಕೊಂಡು ಮಾಡೋಕಾಗುತ್ತಾ?"

"ಆಗಂಗಿಲ್ರಿ ರಾಯರ. ಸೊಂಟ ಹೆಂಗ ಆಡ್ತದ ಅಂತ ಕಾಣಬೇಕಲ್ಲ."

"ಅದೇ, ಕಾಣದ ಹಾಗೆ ಮಾಡೋಕಾಗುತ್ತಾ ಅಂತ. ಸ್ವಲ್ಪ ಭಕ್ತಿಪ್ರಧಾನವಾಗಿ?"

ನನ್ನ ಗಂಡ ಅಡುಗೆಮನೆಗೆ ಹೋಗಿ ನಕ್ಕು ಬಂದರು. ಕೊನೆಗೆ ನಾನು ಕೋಲಿನ ಸಯೀದಿಯನ್ನೇ ಆರಿಸಿಕೊಂಡೆ. ಅದರಲ್ಲಿ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ನಿಲುವಂಗಿ. ರಾಯರಿಗೆ ಎಷ್ಟು ಸಮಾಧಾನವಾಯಿತೆಂದರೆ, ವೇದಿಕೆಯ ಮೇಲೆ ಅದನ್ನು "ಈಜಿಪ್ಟ್ ದೇಶದ ಕೋಲಾಟ" ಎಂದೇ ಪರಿಚಯಿಸಿಬಿಟ್ಟರು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ನಮ್ಮ ಕಡೆಯ ಒಬ್ಬ ಅಜ್ಜಿ ನನ್ನ ಕೈಹಿಡಿದು, "ಛಲೋ ಆತವ್ವಾ. ಎಲ್ಲೋ ನೋಡಿದಂಗೈತಿ" ಎಂದರು. ಅಜ್ಜಿಗೆ ವಯಸ್ಸಾಗಿದೆ ಎಂದುಕೊಂಡೆ.

ನಮ್ಮ ವೃತ್ತಿಯಲ್ಲಿ ಮೇಲಧಿಕಾರಿಗಳಿಲ್ಲ ಎಂದು ತಿಳಿಯಬೇಡಿ. ಹೋಟೆಲುಗಳ ಕಾರ್ಯಕ್ರಮ ವ್ಯವಸ್ಥಾಪಕರೇ ನಮ್ಮ ಮೇಲಧಿಕಾರಿಗಳು. ಡಮ್ ಡಮ್‌ನಲ್ಲಿ, ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ಮಾರವಾಡಿಗಳ ಮದುವೆ. ವ್ಯವಸ್ಥಾಪಕ ಎಳೆಯ ಹುಡುಗ, ಟೈ ಕಟ್ಟಿದ್ದ. ಅರಬ್ಬರ ವಾತಾವರಣ ಬೇಕೆಂದು ಪ್ಲಾಸ್ಟಿಕ್ ಒಂಟೆ ತರಿಸಿ, ಅದಕ್ಕೆ ಚೆಂಡುಹೂವಿನ ಹಾರ ಹಾಕಿಸಿದ್ದ. ನಾನು ಕೊಲ್ಲಿ ಶೈಲಿ ಎಂದು ಒಪ್ಪಿಕೊಂಡಿದ್ದೆ. ಜರಿ ಕಸೂತಿಯ ದೊಡ್ಡ ನಿಲುವಂಗಿಯಲ್ಲಿ ನಾನು ಹೊರಬಂದದ್ದೇ ತಡ, ಅವನ ಮುಖ ಇಳಿಯಿತು.

"ಮೇಡಂ, ಇದೇನಿದು? ಗೆಸ್ಟ್‌ಗಳು ಬೆಲ್ಲಿ ಡ್ಯಾನ್ಸ್ ಅಂತ ಕಾಯ್ತಿದ್ದಾರೆ. ಬೆಲ್ಲಿ ಎಲ್ಲಿ?"

"ಒಳಗಿದೆ. ಕೊಲ್ಲಿಯಲ್ಲಿ ಮದುವೆಮನೆಯ ಹೆಂಗಸರು ಕುಣಿಯುವುದು ಹೀಗೆ. ಇದೇ ಅಸಲಿ."

"ಅಸಲಿ ಯಾರಿಗೆ ಬೇಕು ಮೇಡಂ? ಒಂಟೆ ಕೂಡ ಅಸಲಿ ಅಲ್ಲ!"

ನಾನು ಜಗ್ಗಲಿಲ್ಲ. ನಿಲುವಂಗಿಯಲ್ಲೇ ವೇದಿಕೆ ಹತ್ತಿದೆ. ಕೂದಲು ಬಿಚ್ಚಿ, ತಲೆಯನ್ನು ಎಡಕ್ಕೂ ಬಲಕ್ಕೂ ಬೀಸಿ, ಸುತ್ತಿಸಿ, ಶಾಸ್ತ್ರಕ್ಕೆ ಒಂದೆಳೆ ಕುಂದು ಬಾರದಂತೆ ಮಾಡಿದೆ. ಜನ ತಟ್ಟೆ ಕೆಳಗಿಟ್ಟು ನೋಡತೊಡಗಿದರು. ರಸಿಕರು ಮೈಮರೆತಿದ್ದಾರೆ ಎಂದು ಹಿಗ್ಗುತ್ತಿರುವಾಗ ವರನ ಅಜ್ಜಿ ಎದ್ದು ಬಂದು, ನನ್ನ ಕಾಲಿಗೆ ಕೈಮುಗಿದು, ಹುಡುಗನಿಗೆ ಗಂಡುಸಂತಾನ ಯಾವಾಗ ಎಂದು ಕೇಳಿದರು. ನನ್ನ ಮೈಮೇಲೆ ದೇವಿ ಬಂದಿದ್ದಾಳೆಂದು ಅರ್ಧ ಮದುವೆಮನೆ ನಂಬಿಬಿಟ್ಟಿತ್ತು. "ಬೇಗನೆ" ಎಂದುಬಿಟ್ಟೆ. ಇನ್ನೇನು ಹೇಳಲಿ? ವ್ಯವಸ್ಥಾಪಕ ಮತ್ತೆ ಎಂದೂ ಕರೆಯಲಿಲ್ಲ.

ಕಲಿಸುವ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಕ್ಯಾಸೆಟ್ಟು. ಸುರುಳಿ ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ತಿರುವುತ್ತಿದ್ದೆವು, ಆ ಹೊತ್ತಿನಲ್ಲಿ ಹುಡುಗಿಯರು ಝಾಲ್‌ಮುಡಿ ಎಂಬ ಖಾರದ ಮಂಡಕ್ಕಿ ತಿನ್ನುತ್ತಿದ್ದರು. ಆಮೇಲೆ ಸಿ.ಡಿ., ಆಮೇಲೆ ಎಲ್ಲವೂ ಮೊಬೈಲಿನೊಳಗೆ. ಈಗಿನ ಹುಡುಗಿ ಅರ್ಧ ನಿಮಿಷದ ವಿಡಿಯೊ ಹಿಡಿದುಕೊಂಡು ಬಂದು "ಇದು ಕಲಿಸಿ" ಎನ್ನುತ್ತಾಳೆ. ಯಾವ ದೇಶದ ಶೈಲಿ ಎಂದು ಕೇಳಿದರೆ, ಎಷ್ಟು ಲೈಕ್ ಬಂದಿವೆ ಎಂದು ಹೇಳುತ್ತಾಳೆ. ನಾನು ಇದಕ್ಕೆಲ್ಲ ಬಗ್ಗುವವಳಲ್ಲ. ಹುದಾ ಮೇಡಂ ಹೇಳಿದ ಗೆರೆಗಳನ್ನು ಇನ್ನಷ್ಟು ದಪ್ಪವಾಗಿ ಎಳೆದೆ. ಕೈರೋ ದಿನ ಕೈರೋ, ಟರ್ಕಿ ದಿನ ಟರ್ಕಿ. ಬೆರೆಸಿದವರಿಗೆ ಬಾಗಿಲು.

ಹಾಗೆ ಬಾಗಿಲು ಕಂಡವಳು ಝುಮಾ. ನನ್ನ ಹಳೆಯ ವಿದ್ಯಾರ್ಥಿನಿ, ಬೆಹಾಲಾದವಳು. ಈಜಿಪ್ಟಿನ ನಡೆಗೆ ಅವಳು ದುರ್ಗಾಪೂಜೆಯ ಢಾಕ್ ಡೋಲಿನ ಬಡಿತಕ್ಕೆ ತೂಗುವ ಒಂದು ಹೆಜ್ಜೆ ಸೇರಿಸುತ್ತಿದ್ದಳು. ಎಷ್ಟು ತಿದ್ದಿದರೂ ಮತ್ತೆ ಬರುತ್ತಿತ್ತು. "ನನ್ನ ಮೈ ಬಂಗಾಳದ್ದು ಸುಮಾದಿ, ಏನು ಮಾಡಲಿ?" ಎಂದಳು. ಸುಮಾ ಅಕ್ಕ ಎಂಬುದು ಇಲ್ಲಿಯವರ ಬಾಯಲ್ಲಿ ಸುಮಾದಿ. "ಮೈ ಮನೆಯಲ್ಲಿ ಬಿಟ್ಟು ಬಾ" ಎಂದೆ. ಅವಳು ಮೈ ಸಮೇತ ಹೊರಟುಹೋಗಿ, ಮೇಡಂ ಝಾರಾ ಎಂದು ಹೆಸರು ಬದಲಿಸಿಕೊಂಡು, ಸ್ವಂತ ಶಾಲೆ ತೆರೆದಳು. ನನ್ನಲ್ಲಿ ಒಂದು ಕೋಣೆಯಷ್ಟು ಹುಡುಗಿಯರಿದ್ದರೆ ಅವಳಲ್ಲಿ ಒಂದು ಮಹಡಿಯಷ್ಟು. ನನ್ನಲ್ಲಿ ಬೇಸತ್ತವರೆಲ್ಲ ಅಲ್ಲಿಗೇ ಹೋಗುತ್ತಿದ್ದರು. ಹೋಗುವಾಗ ಕಲಿತದ್ದನ್ನು ಯಾರೂ ನನ್ನ ಹೊಸ್ತಿಲಲ್ಲಿ ಇಟ್ಟು ಹೋಗುವುದಿಲ್ಲವಲ್ಲ.

ಹೋಗದೆ ಉಳಿದವಳು ಮೌ. ಹನ್ನೊಂದು ವರ್ಷದ ಹುಡುಗಿಯಾಗಿ ಬಂದಳು. ಗರಿಯಾಹಾಟ್‌ನಲ್ಲಿ ಅವಳ ಅಪ್ಪನಿಗೆ ಸೀರೆ ಅಂಗಡಿ. ಕಾಲೇಜು ಮುಗಿದ ಮೇಲೆ ಹಗಲು ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ, ಸಂಜೆ ನನ್ನ ಹತ್ತಿರ. ಒಬ್ಬಳೇ ಮಗಳು. ಅಂಗಡಿಯನ್ನು ಯಾರಾದರೂ ನೋಡಿಕೊಳ್ಳಬೇಕು ಎಂಬುದು ಅಪ್ಪನ ಹಟ, ಕುಣಿಯಬೇಕು ಎಂಬುದು ಇವಳ ಹಟ. ಮೌ ಕೋಲು ಹಿಡಿದು ಸಯೀದಿಗೆ ನಿಂತರೆ ನಾನು ತಿದ್ದುವುದನ್ನು ಮರೆತು ನೋಡುತ್ತಿದ್ದೆ. ಅದರಲ್ಲಿ ಒಂದು ಹೆಜ್ಜೆಯಿತ್ತು. ಅರ್ಧ ಕೂತು, ಕೋಲನ್ನು ಬಲಕ್ಕೆ ತಟ್ಟಿ, ಎದ್ದು ಎಡಕ್ಕೆ ಹೊರಳುವುದು. ನಾನು ಅದನ್ನು ಎಲ್ಲರಿಗೂ ಕಲಿಸಿದ್ದೆ; ಅವಳಲ್ಲಿ ಅದು ಉಸಿರಾಡಿದಷ್ಟು ಸಲೀಸು.

ಎರಡು ವರ್ಷದ ಹಿಂದೆ ಇಲ್ಲಿ ಒಂದು ಸ್ಪರ್ಧೆ ಏರ್ಪಾಡಾಯಿತು. ಪ್ರಾದೇಶಿಕ ಶೈಲಿಗಳಿಗೆಂದೇ ಪ್ರತ್ಯೇಕ ವಿಭಾಗ. ಸಯೀದಿಗೆ ತೀರ್ಪುಗಾರ್ತಿಯಾಗಿ ದಕ್ಷಿಣ ಈಜಿಪ್ಟಿನ ಲಕ್ಸರ್ ಸೀಮೆಯ ಹಿರಿಯ ನರ್ತಕಿ ಫಾತೆನ್ ಬರುವವರಿದ್ದರು. ಗೆದ್ದವಳನ್ನು ತಮ್ಮ ಊರಿಗೆ ಕರೆದೊಯ್ದು ಒಂದು ಋತು ಕಲಿಸುತ್ತಾರೆ ಎಂಬುದು ಬಹುಮಾನ. ಮೌ ಅಪ್ಪನೊಂದಿಗೆ ಒಪ್ಪಂದ ಮಾಡಿಕೊಂಡಳು. ಗೆದ್ದರೆ ನೃತ್ಯ, ಅಪ್ಪ ಎದುರಾಡುವ ಹಾಗಿಲ್ಲ. ಸೋತರೆ ಅಂಗಡಿ, ಇವಳು ಎದುರಾಡುವ ಹಾಗಿಲ್ಲ.

ಸ್ಪರ್ಧೆಗೆ ಎರಡು ವಾರವಿರುವಾಗ ಕ್ಲಾಸಿಗೆ ವಿದ್ಯಾ ಎಂಬ ಹುಡುಗಿ ಸೇರಿದಳು. ಧಾರವಾಡದವಳು, ಸಾಫ್ಟ್‌ವೇರ್ ಕಂಪನಿಯಿಂದ ಇಲ್ಲಿಗೆ ಬಂದವಳು. ಮೊದಲ ದಿನ ಮೂಲೆಯಲ್ಲಿ ಕೂತು ಮೌ ಅಭ್ಯಾಸ ಮಾಡುವುದನ್ನು ನೋಡುತ್ತಿದ್ದಳು. ಆ ಅರ್ಧ ಕೂರುವ ಹೆಜ್ಜೆ ಬಂದದ್ದೇ ಕಿಸಕ್ಕನೆ ನಕ್ಕಳು.

"ಆಂಟಿ, ಇದು ಲೇಜೀಮ್ ಅಲ್ರಿ?"

"ಏನಂದಿ?"

"ಲೇಜೀಮ್ರಿ. ಸಾಲ್ಯಾಗ ಆಗಸ್ಟ್ ಹದಿನೈದಕ್ಕ ಮಾಡಸ್ತಿದ್ರಲ್ರಿ. ಅರ್ಧಾ ಕುಂತು, ಬಲಕ್ಕ ತಟ್ಟಿ, ಎದ್ದು ಎಡಕ್ಕ. ನಮ್ಮ ಪಿ.ಟಿ. ಮಾಸ್ತರು ಸೀಟಿ ಹೊಡದು ಹೊಡದು ಸಾಕಾಗ್ತಿದ್ರು."

"ಇದು ಸಯೀದಿ. ನೈಲ್ ನದಿ ದಂಡಿದು."

"ಇರಬಹುದ್ರಿ. ನಮ್ಮ ಶಾಲ್ಮಲಾ ಹೊಳಿ ದಂಡಿಗೂ ಇತ್ತು ನೋಡ್ರಿ."

ಕನ್ನಡ ತಿಳಿಯದ ಉಳಿದವರು ಅವಳು ಏನೆಂದಳೆಂದು ಕೇಳಿದರು. ತಾಳ ಚೆನ್ನಾಗಿದೆ ಎಂದಳು ಎಂದೆ. ಮರುದಿನ ಮಧ್ಯಾಹ್ನ ನನ್ನಲ್ಲಿದ್ದ ಹಳೆಯ ಹೊಸ ವಿಡಿಯೊಗಳನ್ನೆಲ್ಲ ಹಾಕಿಕೊಂಡು ಕೂತೆ. ನೈಲ್ ನದಿಯ ದಂಡೆಯ ಮೇಲೆ ಹೆಂಗಸರು ನೆಗೆದರು, ಕುಟ್ಟಿದರು, ಕೋಲು ತಿರುಗಿಸಿದರು. ಒಬ್ಬಳೂ ಅರ್ಧ ಕೂರಲಿಲ್ಲ. ಬದಲಿಗೆ ನನಗೆ ಕಂಡದ್ದು ನಮ್ಮ ಶಾಲೆಯ ಅಂಗಳ, ನೀಲಿ ಲಂಗ ಬಿಳಿ ಕುಪ್ಪಸದ ಸಾಲು, ಎರಡನೇ ಸಾಲಿನಲ್ಲಿ ಗೆಜ್ಜೆಬಿಲ್ಲೆಗಳ ಲೇಜೀಮು ಹಿಡಿದು ಅರ್ಧ ಕೂತಿರುವ ನಾನು. ಕೈಗೆ ಕೋಲು ಕೊಟ್ಟು ಮೈ ಏನು ಹೇಳುತ್ತದೋ ಕೇಳು ಎಂದರೆ, ಧಾರವಾಡದ ಮೈ ಇನ್ನೇನು ಹೇಳೀತು? ಝುಮಾಗೆ ಮೈ ಮನೆಯಲ್ಲಿ ಬಿಟ್ಟು ಬಾ ಎಂದವಳು ನನ್ನದನ್ನು ಟ್ರಂಕಿನಲ್ಲಿಟ್ಟು ಇಲ್ಲಿಯವರೆಗೂ ಹೊತ್ತು ತಂದಿದ್ದೆ. ಗಂಡನಿಗೆ ಹೇಳಿದೆ. "ಈಜಿಪ್ಟಿನವ್ರು ಕೇಸ್ ಹಾಕಂಗಿಲ್ಲ ಬಿಡು" ಎಂದು ಪೇಪರು ತಿರುವಿದರು.

ನನಗೆ ನಗು ಬರಲಿಲ್ಲ. ಬರುತ್ತಿದ್ದ ತೀರ್ಪುಗಾರ್ತಿ ಅದೇ ಸೀಮೆಯವರು. ಮೌ ಆ ಹೆಜ್ಜೆ ಇಟ್ಟ ಗಳಿಗೆಯೇ ಕಳ್ಳಮಾಲು ಎಂದು ಕಂಡುಹಿಡಿಯುತ್ತಾರೆ, ಹುಡುಗಿಯ ಬದುಕು ಹಾಳಾಗುತ್ತದೆ ಎಂದು ನನಗೆ ಖಾತ್ರಿಯಾಯಿತು. ಸಂಜೆ ಮೌ ಬಂದ ತಕ್ಷಣ ಕೂರಿಸಿ ವಿಷಯ ಹೇಳಿದೆ. ಅವಳು ಮಾತಾಡಿದ್ದು ಬಂಗಾಳಿಯಲ್ಲಿ; ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

"ಆ ಹೆಜ್ಜೆ ತೆಗೆದುಬಿಡು. ಅದು ಈಜಿಪ್ಟಿನದಲ್ಲ."

"ಮತ್ತೆ ಎಲ್ಲಿಯದು?"

"ನಮ್ಮ ಧಾರವಾಡದ್ದು. ಶಾಲೆಯ ಮಕ್ಕಳದ್ದು."

ಅವಳು ಮೊದಲು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಆದರೆ ನನಗೆ ಅದು ಚೆನ್ನಾಗಿ ಬರುತ್ತೆ ಸುಮಾದಿ. ಅದಿಲ್ಲದಿದ್ದರೆ ಮುಂದಿನದಕ್ಕೆ ಹೋಗೋದು ಹೇಗಂತಲೇ ಗೊತ್ತಿಲ್ಲ. ಇರಲಿ ಬಿಡಿ."

"ಇರೋ ಹಾಗಿಲ್ಲ."

"ಒಂದು ಸಲ ಯೋಚನೆ ಮಾಡಿ."

"ಮಾಡಿ ಆಗಿದೆ" ಎಂದೆ. ನಮ್ಮ ಕ್ಲಾಸಿನಲ್ಲಿ ಗುರುವಿನ ಮಾತಿಗೆ ಎರಡನೇ ಮಾತಿಲ್ಲ. ಆ ಶಿಸ್ತಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಎರಡು ವಾರ ಅವಳನ್ನು ಹಿಂಡಿದೆ. ಮೊಣಕಾಲು ಬಾಗಿತೋ ಕೋಲಿನಿಂದ ನೆಲ ತಟ್ಟಿ ನಿಲ್ಲಿಸುತ್ತಿದ್ದೆ. ಕೊನೆಗೆ ಹೆಜ್ಜೆ ಹೋಯಿತು. ವಿಡಿಯೊದಲ್ಲಿದ್ದ ಹಾಗೆ, ಒಂದಕ್ಷರ ತಪ್ಪಿಲ್ಲದ ಸಯೀದಿ ಬಂತು.

ಸ್ಪರ್ಧೆಯ ದಿನ ನಾನು ಸಭೆಯ ನಡುವೆ ಕೂತಿದ್ದೆ, ಮೌಳ ಅಪ್ಪ ಎರಡು ಸಾಲು ಮುಂದೆ. ಮೊದಲು ಕುಣಿದವಳು ಝುಮಾಳ ವಿದ್ಯಾರ್ಥಿನಿ. ನಡುವೆ ಅವಳು ಅರ್ಧ ಕೂತು, ಬಲಕ್ಕೆ ತಟ್ಟಿ, ಎದ್ದು ಎಡಕ್ಕೆ ಹೊರಳಿದಳು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಎರಡನೆಯವಳೂ ಹಾಗೇ ಕೂತಳು. ಸಾಲ್ಟ್ ಲೇಕ್‌ನ ಇನ್ಯಾವುದೋ ಶಾಲೆಯವಳೂ ಕೂತಳು. ನನ್ನಿಂದ ಹೋದವರು ಕಲಿಸಿ, ಅವರಿಂದ ಕಲಿತವರು ಕಲಿಸಿ, ಧಾರವಾಡದ ಪಿ.ಟಿ. ಮಾಸ್ತರು ಕೊಲ್ಕತ್ತಾ ತುಂಬ ಶಾಖೆ ತೆರೆದಿದ್ದರು. ಪಾಪ, ಎಲ್ಲರೂ ಸಿಕ್ಕಿಬೀಳುತ್ತಾರೆ, ನನ್ನ ಹುಡುಗಿಯೊಬ್ಬಳು ಪಾರಾದಳು ಎಂದು ಒಳಗೊಳಗೇ ಬೀಗಿದೆ. ಮೌ ಬಂದಳು. ಒಂದು ತಪ್ಪೂ ಇರಲಿಲ್ಲ.

ಫಲಿತಾಂಶಕ್ಕೆ ಮುನ್ನ ಫಾತೆನ್ ಎದ್ದು ನಿಂತರು. ದಪ್ಪ ದೇಹ, ನಿಧಾನದ ಇಂಗ್ಲಿಷು.

"ಇಲ್ಲಿನ ಹುಡುಗಿಯರಲ್ಲಿ ಒಂದು ಕೂರುವ ಹೆಜ್ಜೆ ನೋಡಿದೆ. ನಮ್ಮಲ್ಲಿ ಅದಿಲ್ಲ. ಮೊದಲನೆಯವಳಿಗೆ ಅಂಕ ಕಳೆದೆ. ಎರಡನೆಯವಳೂ ಅದೇ ಮಾಡಿದಳು, ಮೂರನೆಯವಳೂ ಅದೇ, ಅದೇ ತಾಳಕ್ಕೆ. ಆಗ ಕಳೆದ ಅಂಕ ವಾಪಸು ಕೊಟ್ಟೆ. ನಮ್ಮ ಕಡೆ ಒಂದೊಂದು ಹಳ್ಳಿಗೆ ಒಂದೊಂದು ಹೆಜ್ಜೆ ಇದೆ. ಇದು ನಿಮ್ಮ ಹಳ್ಳಿಯದು. ಇಟ್ಟುಕೊಳ್ಳಿ."

ಜನ ನಕ್ಕು ಚಪ್ಪಾಳೆ ತಟ್ಟಿದರು. ಅವರು ಮುಂದುವರಿಸಿದರು.

"ಕೊನೆಯ ಹುಡುಗಿಯಲ್ಲಿ ತಪ್ಪೇ ಇಲ್ಲ. ಆದರೆ ಒಂದು ಜಾಗದಲ್ಲಿ ಅವಳ ಮೈ ಕೂರುವುದಕ್ಕೆ ಹೊರಡುತ್ತೆ, ಹೆದರಿ ನಿಲ್ಲುತ್ತೆ. ಪ್ರತಿ ಸಲವೂ. ಯಾರೋ ಅವಳೊಳಗಿಂದ ಏನನ್ನೋ ಕಿತ್ತಿದ್ದಾರೆ. ಆ ಗುಂಡಿ ನನಗೆ ಕಾಣುತ್ತಿತ್ತು."

ಬಹುಮಾನ ಝುಮಾಳ ಹುಡುಗಿಗೆ ಹೋಯಿತು. ಝುಮಾ ನನ್ನ ಬಳಿ ಬಂದು ಕಾಲುಮುಟ್ಟಿ, "ಎಲ್ಲಾ ನಿಮ್ಮಿಂದಲೇ ಕಲಿತದ್ದು ಸುಮಾದಿ" ಎಂದಳು. ಅವಳಿಗೆ ವ್ಯಂಗ್ಯ ಬರುವುದಿಲ್ಲ, ನಿಜವಾಗಿ ಹೇಳಿದಳು. ಅದೇ ಹೆಚ್ಚು ಚುಚ್ಚಿತು. ಮೌಳನ್ನು ಹುಡುಕಿದೆ. ಅಪ್ಪ ಮಗಳು ಆಗಲೇ ಹೊರಟುಹೋಗಿದ್ದರು.

ಮರುವಾರ ಅವಳು ಕ್ಲಾಸಿಗೆ ಬರಲಿಲ್ಲ, ಅದರ ಮರುವಾರವೂ ಬರಲಿಲ್ಲ. ನಾನೇ ಗರಿಯಾಹಾಟ್‌ಗೆ ಹೋದೆ. ಅಂಗಡಿಯಲ್ಲಿ ಮೌ ಒಬ್ಬ ಗಿರಾಕಿಗೆ ಜಾಮ್ದಾನಿ ಸೀರೆ ಬಿಡಿಸಿ ತೋರಿಸುತ್ತಿದ್ದಳು. ಅಪ್ಪ ನನಗೆ ಸ್ಟೂಲು ಹಾಕಿಸಿ ಚಹಾ ತರಿಸಿದರು. ಗೆದ್ದವರ ಮರ್ಯಾದೆ ಅವರದು, ಸ್ಪರ್ಧೆಯ ಮಾತು ಎತ್ತಲಿಲ್ಲ. ಗಿರಾಕಿ ಹೋದ ಮೇಲೆ ಮೌ ಸೀರೆ ಮಡಿಸುತ್ತಲೇ ಕೇಳಿದಳು.

"ಕಾಲು ಹೇಗಿದೆ ಸುಮಾದಿ?"

"ಕಾಲಿನ ಮಾತು ಬಿಡು. ನೀನು ಬಾ. ಕ್ಲಾಸು ನಿನಗೇ ಬಿಟ್ಟುಕೊಡ್ತೀನಿ. ನಿಮ್ಮಪ್ಪನ ಹತ್ತಿರ ನಾನು ಮಾತಾಡ್ತೀನಿ. ಆ ಹೆಜ್ಜೆ ಮತ್ತೆ ಸೇರಿಸಿಕೊಳ್ಳೋಣ."

ಅವಳು ಮಡಿಕೆಯನ್ನು ಅಂಗೈಯಿಂದ ನೀವಿ ಸರಿಮಾಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅದು ಧಾರವಾಡದ್ದು ಅಂದ್ರಿ. ನಾನು ಧಾರವಾಡ ನೋಡಿಲ್ಲ ಸುಮಾದಿ. ಈಜಿಪ್ಟೂ ನೋಡಿಲ್ಲ. ಹನ್ನೊಂದನೇ ವಯಸ್ಸಿಂದ ಅದು ನನ್ನ ಮೈಯಲ್ಲಿತ್ತು, ಅಷ್ಟೇ ನನಗೆ ಗೊತ್ತಿದ್ದದ್ದು. ಅದು ನಿಮ್ಮದಲ್ಲ, ನನ್ನದಾಗಿತ್ತು."

ಕ್ಷಮಿಸು ಎಂದೆ. ಅದಕ್ಕವಳು "ಛೀ ಛೀ, ಹಾಗನ್ನಬೇಡಿ" ಎಂದಳು. ಇನ್ನೊಬ್ಬ ಗಿರಾಕಿ ಬಂದರು. ನಾನು ಚಹಾ ಮುಗಿಸಿ ಎದ್ದೆ. ಮನೆಯವರೆಗೆ ಆಟೊದಲ್ಲಿ ಅಳುತ್ತಾ ಬಂದೆ. ಮೂವತ್ತು ವರ್ಷದಲ್ಲಿ ಕಲಿಸಿದ್ದಕ್ಕಿಂತ ಹೆಚ್ಚಾಗಿ ಅಳಿಸಿದ್ದೇ ನೆನಪಿಗೆ ಬರುತ್ತಿತ್ತು. ಅದಾಗಿ ಕೆಲವು ತಿಂಗಳಿಗೆ ನನ್ನ ಕ್ಲಾಸು ಮುಚ್ಚಿತು.

ಹೊಸದಾಗಿ ಕಲಿಸುವವರೇ, ಶೈಲಿಗಳನ್ನು ಖಂಡಿತ ಓದಿ, ನೋಡಿ, ಕೈರೋ ಯಾವುದು ಟರ್ಕಿ ಯಾವುದು ಎಂದು ತಿಳಿದುಕೊಳ್ಳಿ. ಗೊತ್ತಿಲ್ಲದೆ ಕಲಿಸಬೇಡಿ. ಗೊತ್ತಾದ ಮೇಲೆ ಸ್ವಲ್ಪ ತಡೆದುಕೊಳ್ಳಿ. ಮೊನ್ನೆ ಝುಮಾ ಫೋನು ಮಾಡಿದ್ದಳು. ಅವಳ ಶಾಲೆಯಲ್ಲಿ ಈಗ ಆ ಹೆಜ್ಜೆಗೆ ಕೊಲ್ಕತ್ತಾ ಸಯೀದಿ ಎಂದು ಹೆಸರಿಟ್ಟು, ಮೊದಲ ತಿಂಗಳಲ್ಲೇ ಕಲಿಸುತ್ತಾರಂತೆ. ಬೇರೆ ಶಾಲೆಗಳಲ್ಲೂ ಹಾಗೇ. ಈ ಊರಿನಲ್ಲಿ ಕೋಲು ಹಿಡಿದ ಹುಡುಗಿಯರೆಲ್ಲ ಈಗ ಆ ಹೆಜ್ಜೆ ಇಡುತ್ತಾರೆ, ಮೌ ಒಬ್ಬಳನ್ನು ಬಿಟ್ಟು.